ಸದ್ದಿನ ಕೆಳಗಿನ ಸದ್ದು

ಡಿಸೆಂಬರಿನ ಬೆಳಗ್ಗೆ ಏಳು ಗಂಟೆ. ಕೊಪ್ಪದ ಪೇಟೆಯ ಮೇಲೆ ಮಂಜು ಇನ್ನೂ ಕವಿದಿದೆ. ಗ್ಯಾರೇಜಿನ ತಗಡಿನ ಮಾಡಿನಿಂದ ಇಬ್ಬನಿ ತೊಟ್ಟಿಕ್ಕುತ್ತಿದೆ. ಅಂಗಳದಲ್ಲಿ ನಿಂತಿರುವುದು ನಿಮ್ಮ ಅಕ್ಕನ ಕಾರು: ಎಂಟು ವರ್ಷ ಓಡಿರುವ, ಬಾಗಿಲಿನ ಅರ್ಧದವರೆಗೂ ಕೆಮ್ಮಣ್ಣು ಮೆತ್ತಿಕೊಂಡಿರುವ ಸಣ್ಣ ಬಿಳಿ ಕಾರು. ಅಕ್ಕ ನರಸಿಂಹರಾಜಪುರದ ಕಡೆ ಶಾಲೆಯೊಂದರಲ್ಲಿ ಟೀಚರ್. ದಿನಾ ಹೋಗಿ ಬರುವುದು ಇದರಲ್ಲೇ. ಮುಂದಿನ ವಾರ ಅಪ್ಪನನ್ನು ಆಗುಂಬೆ ಘಾಟಿ ಇಳಿಸಿ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅಷ್ಟರೊಳಗೆ ಕಾರಿನೊಳಗಿನ ಸದ್ದು ನಿಲ್ಲಲೇಬೇಕು ಎಂದು ಅವಳ ಹಟ.

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬರುತ್ತಾರೆ. ಬಾನೆಟ್ ಎತ್ತುವುದಿಲ್ಲ, ಬಗ್ಗಿ ಕೆಳಗೂ ನೋಡುವುದಿಲ್ಲ.

"ಎಂಥ ಸದ್ದು ಟೀಚರೇ? ಬಾಯಲ್ಲಿ ಮಾಡಿ ತೋರಿಸಿ."

ಅಕ್ಕ ಸ್ವಲ್ಪ ಸಂಕೋಚಪಡುತ್ತಾಳೆ. "ಬೆಳಿಗ್ಗೆ ಕಿರ್ ಕಿರ್ ಅಂತದೆ. ಏರು ಹತ್ತುವಾಗ ಜುಂಯ್ ಅಂತದೆ. ತಿರುವಲ್ಲಿ ಗುಡುಗುಡು, ಟಕ್. ತಲೆ ಚಿಟ್ಟು ಹಿಡಿದುಹೋಯ್ತು ಮಾರಾಯ್ರೆ."

"ಹಂಗಾದ್ರೆ ಒಂದಲ್ಲ, ಮೂರು ಇದಾವೆ. ಮೂರನ್ನೂ ಒಟ್ಟಿಗೆ ಹುಡುಕಿದ್ರೆ ಒಂದೂ ಸಿಕ್ಕೂದಿಲ್ಲ. ಮೊದ್ಲು ಕಾರು ಖಾಲಿ ಮಾಡಿ."

ಖಾಲಿ ಮಾಡುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ಸೀಟಿನ ಕೆಳಗಿಂದ ಎರಡು ಕೊಡೆ, ಒಂದು ಸ್ಟೀಲ್ ನೀರಿನ ಬಾಟಲಿ, ಬಾಗಿಲ ಜೇಬಿನಿಂದ ಚಿಲ್ಲರೆ ಕಾಸು, ಬಳಪದ ಡಬ್ಬಿ, ಹಳೆಯ ಕನ್ನಡಕದ ಗೂಡು. ಡಿಕ್ಕಿಯಲ್ಲಿ ಮಳೆಗಾಲದಿಂದ ಹಾಗೇ ಉಳಿದ ಪ್ಲಾಸ್ಟಿಕ್ ಹಾಳೆ, ಒಂದು ಕತ್ತಿ, ಅಡಿಕೆ ಮೂಟೆ ಕಟ್ಟುವ ಹುರಿ, ಜಾಕು, ಪಾನಾ. ಸ್ಟೆಪ್ನಿಯ ನಡುವಿನ ತಿರುಪು ಸಡಿಲಾಗಿದೆ. ಮೇಸ್ತ್ರಿ ಅದನ್ನು ಕೈಯಲ್ಲೇ ಬಿಗಿಯುತ್ತಾರೆ. ಹಿಂದಿನ ಸೀಟಿನ ಬೆಲ್ಟಿನ ಬಕಲ್‌ಗಳು ಒಂದಕ್ಕೊಂದು ತಾಗದಂತೆ ಒಂದೊಂದಕ್ಕೂ ಹಳೇ ಬಟ್ಟೆ ಸುತ್ತುತ್ತಾರೆ. ಎಲ್ಲ ಸಾಮಾನು ಗ್ಯಾರೇಜಿನ ಮೂಲೆಯಲ್ಲಿ ರಾಶಿ ಬೀಳುತ್ತದೆ, ಜಾಕು ಮಾತ್ರ ಗೋಣಿಯಲ್ಲಿ ಬಿಗಿಯಾಗಿ ಸುತ್ತಿಸಿಕೊಂಡು ಮತ್ತೆ ಡಿಕ್ಕಿ ಸೇರುತ್ತದೆ.

"ರೇಡಿಯೋ ಬಂದ್. ಫ್ಯಾನ್ ಬಂದ್. ಮಾತೂ ಬಂದ್. ಹೊರಡಾಣ."

ನೀವು ಹಿಂದಿನ ಸೀಟಿನಲ್ಲಿ. ಅಕ್ಕನ ಕೈಯಲ್ಲಿ ಸ್ಟಿಯರಿಂಗ್. ಪಕ್ಕದಲ್ಲಿ ಮೇಸ್ತ್ರಿ, ಅವರ ತೊಡೆಯ ಮೇಲೆ ಸುರುಳಿ ಸುತ್ತಿದ ಒಂದು ಪೈಪಿನ ತುಂಡು. ಅಡಿಕೆ ಕೊನೆಗೆ ಬೋರ್ಡೋ ದ್ರಾವಣ ಹೊಡೆಯುವ ಪೈಪು. ಮೈಲುತುತ್ತದ ನೀಲಿ ಕಲೆ ಅದರ ಮೇಲೆ ಇನ್ನೂ ಉಳಿದಿದೆ.

ಕೊಪ್ಪದಿಂದ ನರಸಿಂಹರಾಜಪುರಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್. ರಸ್ತೆ ಕಾಫಿ ತೋಟದ ನಡುವೆ ಏರುತ್ತದೆ, ಅಡಿಕೆ ತೋಟದ ಕಣಿವೆಗೆ ಇಳಿಯುತ್ತದೆ, ಮತ್ತೆ ಏರುತ್ತದೆ. ಮನೆಯಂಗಳಗಳಲ್ಲಿ ಅಡಿಕೆ ಬೇಯಿಸುವ ಒಲೆಗಳ ಹೊಗೆ ಮಂಜಿನ ಜೊತೆ ಸೇರಿಕೊಂಡಿದೆ. ಚೊಗರಿನ ಘಮಲು ಮುಚ್ಚಿದ ಗಾಜಿನೊಳಗೂ ಬರುತ್ತದೆ. ಮೊದಲ ಏರಿನಲ್ಲಿ ಅಕ್ಕ ಮೂರನೇ ಗೇರಿನಲ್ಲೇ ಎಳೆಯುತ್ತಾಳೆ. ಬಂತು: ಜುಂಯ್... ಸಣ್ಣಗೆ, ಹಲ್ಲಿನ ಬುಡಕ್ಕೆ ತಾಗುವಂತೆ. ಏರು ಮುಗಿದದ್ದೇ ಇಲ್ಲ.

"ಬದಿಗೆ ನಿಲ್ಸಿ. ನ್ಯೂಟ್ರಲ್ಲಿಗೆ ಹಾಕಿ. ಈಗ ನಿಧಾನಕ್ಕೆ ಆಕ್ಸಿಲರೇಟರ್ ಒತ್ತಿ."

ಕಾರು ನಿಂತಲ್ಲೇ ಇದೆ. ಇಂಜಿನ್ನಿನ ಮುಳ್ಳು 1500 ದಾಟುತ್ತದೆ, ಸದ್ದಿಲ್ಲ. 1800ಕ್ಕೆ ಬಂದಾಗ ಜುಂಯ್ ಶುರು. 2200 ದಾಟಿದರೆ ಮಾಯ. ಕಾರು ನಿಂತಿದ್ದರೂ ಕೇಳುವ ಸದ್ದಿಗೆ ರಸ್ತೆಯ ಹಂಗಿಲ್ಲ, ಅದು ಇಂಜಿನ್ನಿನ ನಡುಕಕ್ಕೆ ಓಗೊಡುವ ಸದ್ದು. ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 1800 ಸುತ್ತು ತಿರುಗುವಾಗ ಸೆಕೆಂಡಿಗೆ 60 ಸಲ ಉರಿಯುತ್ತದೆ. ಕಾರಿನೊಳಗೆ ಅದೇ ಲಯದಲ್ಲಿ ನಡುಗಲು ತಯಾರಾಗಿರುವ ತೆಳು ವಸ್ತು ಒಂದಿದ್ದರೆ ಅದು ಮಾತ್ರ ಎದ್ದು ಕುಣಿಯುತ್ತದೆ, ಸುತ್ತಲಿನದೆಲ್ಲ ಸುಮ್ಮನಿರುತ್ತದೆ.

ಮೇಸ್ತ್ರಿ ಅಕ್ಕನಿಗೆ ಮುಳ್ಳನ್ನು 1800ರಲ್ಲೇ ಹಿಡಿದಿಡಲು ಹೇಳಿ, ಡ್ಯಾಶ್‌ಬೋರ್ಡಿನ ಮೇಲೆ ಒಂದೊಂದೇ ಕಡೆ ಬೆರಳಿಡುತ್ತಾ ಹೋಗುತ್ತಾರೆ. ಗಾಳಿ ಬರುವ ಕಿಂಡಿ, ಇಲ್ಲ. ಗ್ಲೋವ್ ಬಾಕ್ಸಿನ ಮುಚ್ಚಳ, ಇಲ್ಲ. ಕನ್ನಡಿಯ ಬುಡ, ಇಲ್ಲ. ಶಾರದಾಂಬೆಯ ಪುಟ್ಟ ಚಿತ್ರಕ್ಕಿರುವ ತಗಡಿನ ಕಾಲಿನ ಮೇಲೆ ಬೆರಳು ಮುಟ್ಟಿದ್ದೇ ಸದ್ದು ಕತ್ತರಿಸಿದಂತೆ ನಿಲ್ಲುತ್ತದೆ. ಬೆರಳು ತೆಗೆದರೆ ಮತ್ತೆ ಜುಂಯ್. ಅಂಟು ಒಣಗಿ ಒಂದು ಕಾಲು ಕೂದಲೆಳೆಯಷ್ಟು ಎದ್ದಿದೆ. ಮೇಸ್ತ್ರಿ ಚಿತ್ರವನ್ನು ಎರಡೂ ಕೈಯಿಂದ ಎತ್ತಿ ಅಕ್ಕನಿಗೆ ಕೊಡುತ್ತಾರೆ, ಜೇಬಿನಿಂದ ಮಖಮಲ್ಲಿನಂಥ ಫೆಲ್ಟ್ ಪಟ್ಟಿ ತೆಗೆದು ಕಾಲಿನಷ್ಟೇ ಕತ್ತರಿಸಿ ಅಂಟಿಸಿ, ಚಿತ್ರವನ್ನು ಅದೇ ಜಾಗದಲ್ಲಿ ಕೂರಿಸುತ್ತಾರೆ.

"ಒಂದು ಮುಗೀತು. ಒಂದು ಸಲಕ್ಕೆ ಒಂದೇ ಬದಲು ಮಾಡ್ಬೇಕು ಟೀಚರೇ. ಎರಡು ಮಾಡಿದ್ರೆ ಯಾವ್ದರಿಂದ ನಿಂತಿತು ಅಂತ ಗೊತ್ತಾಗೂದಿಲ್ಲ."

ಮುಂದಕ್ಕೆ ಹೊರಟ ಮೇಲೆ ಎರಡನೆಯದು ಸ್ಪಷ್ಟವಾಗುತ್ತದೆ. ಟಾರು ಕಿತ್ತು ತೇಪೆ ಹಾಕಿದ ಕಡೆಯೆಲ್ಲ ಕಿರ್ ಕಿರ್. ನಿಮಗೆ ಅದು ಎಡಗಡೆ ಮುಂದಿನಿಂದ ಬಂದಂತೆ ಅನಿಸುತ್ತದೆ, ಅಕ್ಕನಿಗೆ ತನ್ನ ಬೆನ್ನ ಹಿಂದೆ. ಇಬ್ಬರ ಕಿವಿಯೂ ಸರಿಯಾಗಿಯೇ ಇದೆ, ಅವಕ್ಕೆ ಸಿಗುತ್ತಿರುವ ಸುಳಿವು ಮಾತ್ರ ಕಲಸಿಹೋಗಿದೆ. ಎಡಗಡೆ ಎದ್ದ ಸದ್ದು ಬಲಗಿವಿಗೆ ಒಂದಿಷ್ಟು ತಡವಾಗಿ ಮುಟ್ಟುತ್ತದೆ. ಆ ತಡ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ, ಆದರೂ ಎಡ ಬಲ ಹೇಳಲು ಮಿದುಳಿಗೆ ಅಷ್ಟು ಸಾಕು. ನೇರ ಮುಂದಿನಿಂದ ಬಂದ ಸದ್ದು, ನೇರ ಹಿಂದಿನಿಂದ ಬಂದ ಸದ್ದು, ಎರಡೂ ಎರಡು ಕಿವಿಗೆ ಒಟ್ಟಿಗೇ ತಲುಪುತ್ತವೆ. ಅಲ್ಲಿ ಮಿದುಳು ಊಹೆ ಮಾಡುತ್ತದೆ. ಅದರ ಮೇಲೆ ಸುತ್ತ ಗಾಜು, ತಲೆಯ ಮೇಲೆ ತಗಡು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಉಕ್ಕಿನಲ್ಲಿ ಸುಮಾರು 5000 ಮೀಟರ್. ಒಂದು ಮೂಲೆಯಲ್ಲಿ ಹುಟ್ಟಿದ್ದು ಬಾಡಿಯ ಉಕ್ಕಿನಲ್ಲಿ ಹರಿದು ಬೇರೆಯೇ ಮೂಲೆಯ ಪ್ಲಾಸ್ಟಿಕ್ಕಿನಿಂದ ಹೊರಗೆ ಬೀಳಬಹುದು.

"ತಲೆ ಆಡಿಸ್ತಾ ಕೇಳಿ," ಮೇಸ್ತ್ರಿ ನಿಮ್ಮತ್ತ ತಿರುಗುತ್ತಾರೆ. "ಒಂದು ಕಿವಿ ಮುಚ್ಕೊಳ್ಳಿ, ಆಮೇಲೆ ಇನ್ನೊಂದು."

ನೀವು ತಲೆಯನ್ನು ನಿಧಾನಕ್ಕೆ ಎಡಕ್ಕೂ ಬಲಕ್ಕೂ ತಿರುಗಿಸುತ್ತೀರಿ. ಎಡಗಿವಿ ಮುಚ್ಚಿದಾಗ ಕಿರ್ ಕಿರ್ ಗಟ್ಟಿಯಾಗಿಯೇ ಇರುತ್ತದೆ, ಬಲಗಿವಿ ಮುಚ್ಚಿದಾಗ ಮಸುಕಾಗುತ್ತದೆ. ಬಲಗಡೆಗೆ ವಾಲಿದರೆ ಮತ್ತಷ್ಟು ಗಟ್ಟಿ. ಈಗ ಅನುಮಾನವಿಲ್ಲ, ಅದು ಬಲಗಡೆಯದು.

ನರಸಿಂಹರಾಜಪುರ ಬರುತ್ತದೆ. ಹಳಬರ ಬಾಯಲ್ಲಿ ಇದು ಎಡೇಹಳ್ಳಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರ ಹೆಸರು ಬಂದದ್ದು ಆಮೇಲೆ. ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿಗೆ ಹೊರಟ ವ್ಯಾನುಗಳು ಎದುರಾಗುತ್ತವೆ. ಊರು ದಾಟಿ ಭದ್ರಾ ಹಿನ್ನೀರಿನ ಕಡೆಗೆ ಇಳಿಯುವ ಮಣ್ಣಿನ ದಾರಿಯಲ್ಲಿ ಮೇಸ್ತ್ರಿ ಕಾರು ತಿರುಗಿಸಲು ಹೇಳುತ್ತಾರೆ. ನೀರು ನೋಡುವುದಕ್ಕಲ್ಲ, ದಾರಿಗೆ ಅಡ್ಡವಾಗಿರುವ ಓರೆ ಚರಂಡಿಗಾಗಿ. ಎಡಗಡೆ ಮುಂದಿನ ಚಕ್ರ ಚರಂಡಿಗೆ ಇಳಿದಾಗ ಉಳಿದ ಮೂರು ಚಕ್ರಗಳು ಮೇಲೇ ಇರುತ್ತವೆ. ಕಾರಿನ ಬಾಡಿ ಕರ್ಣರೇಖೆಯಲ್ಲಿ ತುಸುವೇ ತಿರುಚುತ್ತದೆ, ಬಾಗಿಲು ಮತ್ತು ಚೌಕಟ್ಟು ಒಂದರ ಮೇಲೊಂದು ಜರುಗುತ್ತವೆ. ಉಣುಗೋಲು ದಾಟಿ ತೋಟದ ಮನೆಗಳಿಗೆ ಇಳಿಯುವ ದಾರಿಗಳಲ್ಲೆಲ್ಲ ನಮ್ಮ ಕಾರುಗಳು ದಿನಾ ಇದನ್ನೇ ಅನುಭವಿಸುತ್ತವೆ.

ಚರಂಡಿಯ ಮೇಲೆ ಕಾರು ಹಿಂದೆ ಮುಂದೆ ತೂಗುತ್ತದೆ. ಕಿರ್... ಕಿರ್. ನೀವು ಅಂಗೈಯನ್ನು ಬಲಗಡೆ ಕಂಬಕ್ಕೆ ಒತ್ತುತ್ತೀರಿ, ನಿಲ್ಲುವುದಿಲ್ಲ. ಡೋರ್ ಪ್ಯಾಡಿಗೆ ಒತ್ತುತ್ತೀರಿ, ನಿಲ್ಲುವುದಿಲ್ಲ. ಮೇಸ್ತ್ರಿ ಹೊರಗಿಳಿದು ಚಾಲಕನ ಬಾಗಿಲಿನ ಮೇಲ್ಮೂಲೆಯನ್ನು ಭುಜದಿಂದ ಒಳಕ್ಕೆ ತಳ್ಳಿ ಹಿಡಿಯುತ್ತಾರೆ. ನಿಂತಿತು.

ಬಾಗಿಲು ತೆರೆದರೆ ಕಾಣುತ್ತದೆ: ಚೌಕಟ್ಟಿನ ಸುತ್ತಲಿನ ರಬ್ಬರ್ ಬೀಡಿಂಗ್ ಮೇಲೆ ಕೆಮ್ಮಣ್ಣಿನ ನಯವಾದ ಪದರ, ಮೇಲ್ಮೂಲೆಯಲ್ಲಿ ಉಜ್ಜಿ ಉಜ್ಜಿ ಹೊಳಪಾದ ಒಂದು ಗೆರೆ. ರಬ್ಬರು ಚೌಕಟ್ಟನ್ನು ಕಚ್ಚಿ ಹಿಡಿಯುತ್ತದೆ, ಬಾಡಿ ತಿರುಚಿದಾಗ ಎಳೆತ ಹೆಚ್ಚಾಗಿ ತಟ್ಟನೆ ಜಾರುತ್ತದೆ, ಮತ್ತೆ ಕಚ್ಚುತ್ತದೆ. ಕಚ್ಚುವುದು ಜಾರುವುದು ಸೆಕೆಂಡಿಗೆ ನೂರಾರು ಸಲ ನಡೆದರೆ ಕಿರ್ ಎನ್ನುವ ಸ್ವರ ಹುಟ್ಟುತ್ತದೆ. ಪಿಟೀಲಿನ ಕಮಾನು ತಂತಿಯಿಂದ ನಾದ ತೆಗೆಯುವುದೂ ಇದೇ ತತ್ವದ ಮೇಲೆ. ಚಳಿಯಲ್ಲಿ ರಬ್ಬರು ಬಿಗಿಯಾಗುತ್ತದೆ, ಪ್ಲಾಸ್ಟಿಕ್ ಕುಗ್ಗುತ್ತದೆ. ಒಂದು ಮೀಟರ್ ಉದ್ದದ ಉಕ್ಕಿನ ಪಟ್ಟಿ 15 ಡಿಗ್ರಿ ಬಿಸಿಯೇರಿದರೆ 0.2 ಮಿಲಿಮೀಟರಿನಷ್ಟೂ ಹಿಗ್ಗುವುದಿಲ್ಲ. ಅಷ್ಟೇ ಉದ್ದದ ಪ್ಲಾಸ್ಟಿಕ್ ಒಂದು ಮಿಲಿಮೀಟರಿನ ಆಸುಪಾಸು ಹಿಗ್ಗುತ್ತದೆ. ಬೆಳಗ್ಗೆ ಸ್ವೆಟರ್, ಮಧ್ಯಾಹ್ನ ಬೆವರು ಎನ್ನುವ ಮಲೆನಾಡಿನ ಡಿಸೆಂಬರಿನಲ್ಲಿ ಈ ವ್ಯತ್ಯಾಸ ದಿನವೂ ನಡೆಯುವಂಥದ್ದು. ಅಕ್ಕನ ಕಾರು ಬೆಳಗ್ಗೆ ಕಿರುಗುಟ್ಟಿ ಸಂಜೆ ಶಾಲೆ ಬಿಟ್ಟಾಗ ಸುಮ್ಮನಿರುತ್ತಿದ್ದುದು ಇದಕ್ಕೇ. ಮೇಸ್ತ್ರಿ ಏಳು ಗಂಟೆಗೇ ಬರಹೇಳಿದ್ದೂ ಇದಕ್ಕೇ. "ಬಿಸ್ಲು ಏರಿದ ಮೇಲೆ ಈ ಸದ್ದನ್ನ ಯಾವ ಗ್ಯಾರೇಜಿನವರಿಗೂ ಕೇಳ್ಸೂಕೆ ಆಗೂದಿಲ್ಲ."

ಒದ್ದೆ ಬಟ್ಟೆಯಿಂದ ಬೀಡಿಂಗನ್ನು ಉದ್ದಕ್ಕೂ ಒರೆಸುವುದು ನಿಮ್ಮ ಕೆಲಸ. ಬಟ್ಟೆ ಮೂರು ಸಲ ಕೆಂಪಾಗುತ್ತದೆ. ಒಣಗಿದ ಮೇಲೆ ಸಿಲಿಕೋನ್ ಗ್ರೀಸನ್ನು ಬೆರಳ ತುದಿಯಷ್ಟು ತೆಗೆದು ತೆಳ್ಳಗೆ ಸವರಬೇಕು. ಇಂಜಿನ್ ಆಯಿಲ್, ಸೀಮೆಎಣ್ಣೆ ಹಚ್ಚುವವರಿದ್ದಾರೆ. ಆ ದಿನಕ್ಕೆ ಸದ್ದೇನೋ ನಿಲ್ಲುತ್ತದೆ, ಆದರೆ ಖನಿಜ ತೈಲ ತಗುಲಿದ ಬೀಡಿಂಗ್ ರಬ್ಬರು ಉಬ್ಬಿ ಮೆತ್ತಗಾಗಿ ಹಾಳಾಗುತ್ತದೆ, ಮುಂದಿನ ಮಳೆಗಾಲಕ್ಕೆ ನೀರು ಒಳಗೆ ಬರುತ್ತದೆ.

ಚರಂಡಿಯ ಮೇಲೆ ಮತ್ತೊಮ್ಮೆ ತೂಗಿದರೆ ಈಗ ಕೇಳುವುದು ಹಿನ್ನೀರಿನ ದಂಡೆಯ ಹಕ್ಕಿಗಳು ಮಾತ್ರ.

ಕೊಪ್ಪಕ್ಕೆ ಮರಳುವ ದಾರಿಯಲ್ಲಿ ಅಕ್ಕ ಮೊದಲ ಬಾರಿ ನಗುತ್ತಾಳೆ. ಆದರೆ ಒಂದು ತಿರುವಿನಲ್ಲಿ ಅವಳ ಹುಬ್ಬು ಮತ್ತೆ ಗಂಟಾಗುತ್ತದೆ. ಗುಡುಗುಡು... ಟಕ್. ಇದುವರೆಗೆ ಇಷ್ಟು ಜೋರಾಗಿ ಕೇಳಿರಲಿಲ್ಲ. ಸದ್ದು ಬೆಳೆದಿಲ್ಲ, ಅದನ್ನು ಮುಚ್ಚಿದ್ದ ಸದ್ದುಗಳು ಹೋಗಿವೆ. ಗಟ್ಟಿ ಸದ್ದೊಂದು ಮೆಲ್ಲನೆಯ ಸದ್ದನ್ನು ಅಡಗಿಸಿಡುವುದು ಕಿವಿಯ ಸ್ವಭಾವ. 1958ರಲ್ಲಿ ಡೇವಿಡ್ ಓಗಿಲ್ವಿ ರೋಲ್ಸ್ ರಾಯ್ಸ್ ಕಾರಿಗೆ ಬರೆದ ಜಾಹೀರಾತು ಪ್ರಸಿದ್ಧವಾಯಿತು: ಗಂಟೆಗೆ 60 ಮೈಲಿ ವೇಗದಲ್ಲೂ ಆ ಕಾರಿನೊಳಗಿನ ಅತಿ ದೊಡ್ಡ ಸದ್ದು ವಿದ್ಯುತ್ ಗಡಿಯಾರದ್ದು ಎಂಬುದು ಅದರ ಸಾರ. ಕಾರು ಎಷ್ಟು ನಿಶ್ಶಬ್ದವಾದರೆ ಗಡಿಯಾರ ಅಷ್ಟು ಕೇಳುತ್ತದೆ. ಇಂಜಿನ್ನೇ ಇಲ್ಲದ ಈಗಿನ ವಿದ್ಯುತ್ ಕಾರುಗಳಲ್ಲಿ ಒಂದು ಸಡಿಲ ಕ್ಲಿಪ್ಪೂ ದೊಡ್ಡ ದೂರಾಗುವುದು ಹೀಗೆಯೇ. ಆದ್ದರಿಂದ ಕಾರು ತಯಾರಿಸುವವರು ಇದಕ್ಕೆಂದೇ ಪ್ರಯೋಗಾಲಯ ಇಟ್ಟುಕೊಂಡಿದ್ದಾರೆ. ನಾಲ್ಕು ಚಕ್ರಗಳನ್ನೂ ಬೇರೆ ಬೇರೆಯಾಗಿ ಕುಲುಕುವ ಯಂತ್ರದ ಮೇಲೆ ಕಾರು ನಿಲ್ಲಿಸುತ್ತಾರೆ, ಕಲ್ಲು ಹಾಸಿದ ಒರಟು ರಸ್ತೆಗಳನ್ನು ಬೇಕೆಂದೇ ಕಟ್ಟಿ ಓಡಿಸುತ್ತಾರೆ. ಪುಣೆಯಲ್ಲಿ 1966ರಿಂದ ಇರುವ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐನಲ್ಲಿ ಸದ್ದು ಮತ್ತು ಕಂಪನದ ಪರೀಕ್ಷೆಗೇ ವಿಭಾಗವಿದೆ. ಕೊಪ್ಪದ ಮೇಸ್ತ್ರಿಯ ಬಳಿ ಇರುವುದು ಮೂರು ತಾಲ್ಲೂಕಿನ ರಸ್ತೆಗಳು. ಯಾವ ಸದ್ದಿಗೆ ಯಾವ ರಸ್ತೆ ಎಂಬುದು ಅವರಿಗೆ ಬಾಯಿಪಾಠ.

"ಇದಕ್ಕೆ ಶೃಂಗೇರಿ ರಸ್ತೆ ಬೇಕು. ಬರೀ ತಿರುವು."

ಹರಿಹರಪುರದ ಮೇಲೆ ಹೋಗುವ ಆ ರಸ್ತೆಯಲ್ಲಿ ತುಂಗೆ ಆಗಾಗ ಜೊತೆಗೂಡುತ್ತಾಳೆ. ಮಂಜು ಕರಗಿದೆ. ಮನೆಗಳ ಮುಂದೆ ಅಡಿಕೆ ಒಣಗಲು ಹರವಿದ್ದಾರೆ. ಎಡತಿರುವು: ಗುಡುಗುಡು, ಟಕ್. ಬಲತಿರುವು: ಮತ್ತೆ ಗುಡುಗುಡು, ಈ ಸಲ ಟಕ್ ಬೇರೆ ಸ್ವರದಲ್ಲಿ. ನೇರ ರಸ್ತೆಯಲ್ಲಿ ಗುಂಡಿ ಹಾರಿದರೂ ಸದ್ದಿಲ್ಲ. ಅಕ್ಕ ಹೇಳುವ ಪ್ರಕಾರ ಅದು ಗ್ಲೋವ್ ಬಾಕ್ಸಿನ ಒಳಗೆ. ಮೇಸ್ತ್ರಿ ಗ್ಲೋವ್ ಬಾಕ್ಸನ್ನೇ ಕಳಚಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಮುಂದಿನ ತಿರುವಿನಲ್ಲೂ ಗುಡುಗುಡು ಎಂದಿನಂತೆ ಬರುತ್ತದೆ.

ಶೃಂಗೇರಿಯ ಭಾರತಿ ಬೀದಿ ದಾಟಿ ಕಾರು ಗಾಂಧಿ ಮೈದಾನಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ತುಂಗೆ ಉಕ್ಕಿ ಬಂದು ನಿಲ್ಲುವ ಜಾಗ ಇದು. ಈಗ ಯಾತ್ರಿಕರ ಬಸ್ಸು ಕಾರುಗಳು ನಿಂತಿವೆ. ಇಲ್ಲಿಯವರೆಗೆ ಬಂದು ಅಮ್ಮನವರಿಗೆ ಕೈಮುಗಿಯದೆ ಹೋಗುವುದು ಅಕ್ಕನಿಗೆ ಸಾಧ್ಯವಿಲ್ಲ. ನೀವೂ ಜೊತೆಗೆ ಹೋಗುತ್ತೀರಿ. 14ನೇ ಶತಮಾನದ ವಿದ್ಯಾಶಂಕರ ದೇವಾಲಯದ ಒಳಗೆ ರಾಶಿಯ 12 ಕಂಬಗಳು. ಕಂಬಗಳಲ್ಲಿ ಕಡೆದ ಸಿಂಹಮುಖದ ಮೃಗಗಳ ಬಾಯೊಳಗೆ ಕಲ್ಲಿನ ಗುಂಡು. ಅದು ಬಾಯೊಳಗೆ ಉರುಳುತ್ತದೆ, ಹೊರಗೆ ಬರುವುದಿಲ್ಲ.

ಮೈದಾನಕ್ಕೆ ಮರಳಿದಾಗ ಮೇಸ್ತ್ರಿಯ ಪ್ರಶ್ನೆಯೂ ಆ ಗುಂಡಿನ ಬಗ್ಗೆಯೇ. "ಸಿಂಹದ ಬಾಯಲ್ಲಿ ಗುಂಡು ನೋಡಿದ್ರಲ್ಲ? ನಿಮ್ಮ ಕಾರಲ್ಲೂ ಯಾವ್ದೋ ಗೂಡಲ್ಲಿ ಒಂದು ಗುಂಡು ಸಿಕ್ಕೊಂಡಿದೆ. ತಿರುವಲ್ಲಿ ಉರುಳ್ತದೆ, ಕೊನೆಗೆ ಹೋಗಿ ಗೋಡೆಗೆ ಹೊಡೀತದೆ. ಕ್ಲಿಪ್ಪು ಸಡಿಲಾಗಿದ್ರೆ ಗುಂಡಿಯಲ್ಲಿ ಸದ್ದು ಬರ್ತಿತ್ತು."

ಮೈದಾನದ ಖಾಲಿ ಅಂಚಿನಲ್ಲಿ ಅಕ್ಕ ಕಾರನ್ನು ನಡಿಗೆಯ ವೇಗದಲ್ಲಿ ಎಂಟರ ಆಕಾರಕ್ಕೆ ಸುತ್ತಿಸುತ್ತಾಳೆ. ನೀಲಿ ಕಲೆಯ ಪೈಪು ಈಗ ನಿಮ್ಮ ಕೈಯಲ್ಲಿ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಹುಡುಕಾಟಕ್ಕೆ. 1816ರಲ್ಲಿ ಫ್ರಾನ್ಸಿನ ಲೆನೆಕ್ ಎಂಬ ವೈದ್ಯ ಕಾಗದದ ಸುರುಳಿಯನ್ನು ರೋಗಿಯ ಎದೆಗಿಟ್ಟು ಕೇಳಿದ್ದರಿಂದ ಸ್ಟೆತಸ್ಕೋಪ್ ಹುಟ್ಟಿತು. ಅಡಿಕೆ ತೋಟದ ಪೈಪೂ ಮಾಡುವುದು ಅದನ್ನೇ: ಸುತ್ತಲಿನ ಸದ್ದನ್ನು ಹೊರಗಿಟ್ಟು ತನ್ನ ತುದಿಯ ಮುಂದಿನದನ್ನು ಮಾತ್ರ ತರುತ್ತದೆ. ಮುಂದಿನ ಸೀಟಿನ ಕೆಳಗೆ ಹಿಡಿದರೆ ಮಸುಕು. ಹಿಂದಿನ ಬಾಗಿಲ ಬಳಿ ಅದಕ್ಕಿಂತ ಸ್ಪಷ್ಟ. ಸೀಟಿನ ಮೇಲೆ ಮಂಡಿಯೂರಿ ಹಿಂದಕ್ಕೆ ಚಾಚಿ, ಡಿಕ್ಕಿಯ ಬಲಗಡೆ ಪ್ಲಾಸ್ಟಿಕ್ ಗೋಡೆಗೆ ಹಿಡಿದಾಗ ಗುಡುಗುಡು ಕಿವಿಯೊಳಗೇ ಉರುಳಿದಂತಾಗಿ ನೀವು ಬೆಚ್ಚಿ ತಲೆ ಎತ್ತುತ್ತೀರಿ. ಇಷ್ಟು ದಿನ ಎದುರಿಗೆ ಕೇಳಿದ್ದು ಕಾರಿನ ಕಟ್ಟಕಡೆಯ ಮೂಲೆಯದು.

ಎರಡು ಕ್ಲಿಪ್ ಎಬ್ಬಿಸಿ ಮೇಸ್ತ್ರಿ ಪ್ಲಾಸ್ಟಿಕ್ ಗೋಡೆಯನ್ನು ತುಸು ಸರಿಸಿ ಕೈ ಹಾಕುತ್ತಾರೆ. ಚಕ್ರದ ಮೇಲಿನ ಉಕ್ಕಿನ ಗುಮ್ಮಟದ ಹಿಂದೆ ಒಂದು ಪೊಳ್ಳು. ಅಲ್ಲಿಂದ ಹೊರಬರುತ್ತದೆ ಒಂದು ಒಣಗಿದ ಅಡಿಕೆ, ಉರುಳಿ ಉರುಳಿ ನುಣುಪಾದದ್ದು. ಹಿಂದೆಯೇ ನಾಲ್ಕಾರು ಕಾಳುಮೆಣಸು. ಅಪ್ಪನ ಅಡಿಕೆ ಮೂಟೆಯನ್ನು ಅಕ್ಕ ಇದೇ ಡಿಕ್ಕಿಯಲ್ಲಿ ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್ಕೋಸಿಗೆ ತಂದು ಹಾಕಿದ್ದಾಳೆ. ಜಾಕಿನ ಗೂಡಿಗೆ ಇರಬೇಕಾದ ಮುಚ್ಚಳ ಎಂದೋ ಕಳೆದುಹೋಗಿದೆ, ಮೂಟೆಯಿಂದ ಉದುರಿದ್ದು ಆ ಕಿಂಡಿಯಲ್ಲಿ ಇಳಿದಿದೆ. ಅಕ್ಕ ಅಡಿಕೆಯನ್ನು ಅಂಗೈಯಲ್ಲಿಟ್ಟು ನೋಡುತ್ತಾಳೆ.

"ಮುಗೀತಲ್ಲ ಮೇಸ್ತ್ರಿಗಳೇ?"

"ಇನ್ನೊಂದು ಸುತ್ತು ಹಾಕಿ ಟೀಚರೇ. ಈಗ ಕೇಳಾಣ."

ಇದೇ ಈ ದಿನದ ಮುಖ್ಯವಾದ ಗಳಿಗೆ. ಕಾರು ಖಾಲಿಯಿದೆ, ಕಿರುಗುಟ್ಟುವುದು ನಿಂತಿದೆ, ಜುಂಯ್ ಇಲ್ಲ, ಗುಡುಗುಡು ಇಲ್ಲ. ಅಕ್ಕ ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ ಹಿಮ್ಮುಖವಾಗಿ ಹೊರಡುತ್ತಾಳೆ. ಟೊಕ್. ಒಂದೇ ಸಲ, ಬಹಳ ಮೆಲ್ಲಗೆ. ಅದು ನಿಮಗೆ ಕೇಳಿದ್ದಕ್ಕಿಂತ ಹೆಚ್ಚಾಗಿ ಅಂಗಾಲಿಗೆ ತಾಗುತ್ತದೆ. ಅಕ್ಕ ಬ್ರೇಕ್ ಒತ್ತಿದಾಗ ಮತ್ತೊಮ್ಮೆ, ಟೊಕ್. ಮೇಸ್ತ್ರಿಯ ಮುಖದಲ್ಲಿದ್ದ ಸಲಿಗೆ ಹೋಗುತ್ತದೆ.

"ನಿಲ್ಸಿ. ಇಲ್ಲೇ ಇಳೀರಿ."

ಗೋಣಿ ಬಿಚ್ಚಿ ಜಾಕು ತೆಗೆಯುತ್ತಾರೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಎಡಗಡೆ ಮುಂದಿನ ಚಕ್ರ ಎತ್ತುತ್ತಾರೆ. ಚಕ್ರದ ಮೇಲ್ತುದಿ ಕೆಳತುದಿ ಹಿಡಿದು ಅಲುಗಾಡಿಸಲು ನಿಮಗೆ ಹೇಳಿ, ತಾವು ನೆಲಕ್ಕೆ ಒರಗಿ ಪಕ್ಕದಿಂದ ಕೈಚಾಚಿ ಒಳಗಿನ ಕೀಲಿನ ಮೇಲೆ ಬೆರಳಿಡುತ್ತಾರೆ. ನಿಮ್ಮ ಕೈಯಲ್ಲಿ ಚಕ್ರ ಕಂಡೂ ಕಾಣದಷ್ಟು ಆಡುತ್ತದೆ. ಅವರ ಬೆರಳಿಗೆ ಟೊಕ್ ಸಿಗುತ್ತದೆ.

"ಬಾಲ್ ಜಾಯಿಂಟ್ ಹೋಗಿದೆ. ಬಗ್ಗಿ ನೋಡಿ."

ಚಕ್ರವನ್ನು ಹಿಡಿದಿರುವ ಕೆಳಗಿನ ತೋಳಿನ ತುದಿಯಲ್ಲಿ ಒಂದು ಉಕ್ಕಿನ ಗುಂಡು ಬಟ್ಟಲಿನೊಳಗೆ ಕೂತಿರುತ್ತದೆ. ಚಕ್ರ ತಿರುಗುವುದು, ಏರಿಳಿಯುವುದು ಅದರ ಆಧಾರದ ಮೇಲೆ. ಗುಂಡಿಗೆ ರಬ್ಬರಿನ ಟೊಪ್ಪಿ, ಒಳಗೆ ಗ್ರೀಸು. ಈ ಟೊಪ್ಪಿ ಹರಿದಿದೆ. ಜೂನಿನಿಂದ ಅಕ್ಟೋಬರಿನವರೆಗೆ ಕೆಸರು ನೀರು ಒಳಗೆ ಹೋಗಿ ಗ್ರೀಸನ್ನು ತೊಳೆದಿದೆ, ಮಣ್ಣಿನ ಕಣ ಗುಂಡನ್ನು ಸವೆಸಿದೆ. ಸವೆದ ಗುಂಡು ಒಂದು ದಿನ ಬಟ್ಟಲಿನಿಂದ ಕಳಚಿಕೊಂಡರೆ ಚಕ್ರ ಹೊರಕ್ಕೆ ಮಡಚಿಕೊಳ್ಳುತ್ತದೆ, ಸ್ಟಿಯರಿಂಗ್ ಹಿಡಿತಕ್ಕೆ ಸಿಗುವುದಿಲ್ಲ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಎಲ್ಲಿ ಬೇಕಾದರೂ ಅದು ಆಗಬಹುದು. ಅಕ್ಕ ಮಾತಾಡುವುದಿಲ್ಲ. ಅಪ್ಪ ಮುಂದಿನ ಸೀಟಿನಲ್ಲಿ ಕೂತಿರುವುದು ಅವಳ ಕಣ್ಣಿಗೆ ಬಂದಿದೆ, ನಿಮ್ಮ ಕಣ್ಣಿಗೂ.

ಈ ಸದ್ದು ಇಂದು ಹುಟ್ಟಿದ್ದಲ್ಲ. ಕೆಲವು ವಾರಗಳಿಂದಾದರೂ ಇದ್ದಿರಬೇಕು. ಕೊಡೆಗಳ ಕಟಕಟ, ಬೀಡಿಂಗಿನ ಕಿರ್ ಕಿರ್, ಅಡಿಕೆಯ ಗುಡುಗುಡು, ಅವುಗಳ ಮೇಲೆ ಅವನ್ನು ಮರೆಯಲು ಹಾಕಿದ ರೇಡಿಯೋ. ಇಷ್ಟರ ಅಡಿಯಲ್ಲಿ ಅದು ಟೊಕ್ ಟೊಕ್ ಎನ್ನುತ್ತಲೇ ಇತ್ತು.

ಕಾರು ಇನ್ನು ಕೊಪ್ಪದವರೆಗೆ ಓಡುವಂತಿಲ್ಲ. ಮೇಸ್ತ್ರಿ ಕೊಪ್ಪಕ್ಕೆ ಫೋನು ಮಾಡಿ ಕಾರಿನ ಮಾದರಿ, ವರ್ಷ, ಎಡಗಡೆ ಎಂದು ಎರಡೆರಡು ಸಲ ಹೇಳುತ್ತಾರೆ. ಆ ಕೆಳಗಿನ ತೋಳನ್ನು, ಅಂದರೆ ಲೋವರ್ ಆರ್ಮನ್ನು, ಬಸ್ಸಿಗೆ ಹಾಕಿ ಕಳಿಸುವುದೆಂದು ತೀರ್ಮಾನವಾಗುತ್ತದೆ. ಔಷಧಿ, ಬಿಡಿಭಾಗ, ಮದುವೆ ಕಾಗದ, ಎಲ್ಲವೂ ಕಂಡಕ್ಟರ ಕೈಯಲ್ಲಿ ಬರುವುದು ಈ ಸೀಮೆಯ ಹಳೆಯ ರೂಢಿ. ಬಹಳ ಕಾಲ ಆ ಕೆಲಸ ಕೊಪ್ಪದ ಸಹಕಾರ ಸಾರಿಗೆಯದಾಗಿತ್ತು. ಶಂಕರ್ ಬಸ್ ಕಂಪನಿ ನಿಂತಾಗ ಅದರ ಕಾರ್ಮಿಕರೇ 1991ರಲ್ಲಿ ಸಹಕಾರ ಸಂಘ ಕಟ್ಟಿ ಓಡಿಸಿದ ಬಸ್ಸುಗಳು ಅವು. 2020ರಲ್ಲಿ ಅವೂ ನಿಂತವು. ಮೇಸ್ತ್ರಿ ಇವತ್ತಿಗೂ ಬಸ್ಸಿಗೆ ಕಾಯುವಾಗ ಅದರ ಹೆಸರು ತೆಗೆಯುತ್ತಾರೆ. ಆ ಸಂಘದ ಡ್ರೈವರುಗಳು ಹೇಗೆ ಬಸ್ಸಿನ ಸದ್ದು ಕೇಳಿಯೇ ಡಿಪೋಗೆ ದೂರು ಬರೆಸುತ್ತಿದ್ದರು ಎಂದು ಹೇಳುತ್ತಾರೆ.

ಊಟ ಮುಗಿಸಿ ಬರುವಷ್ಟರಲ್ಲಿ ಬಸ್ಸು ಬರುತ್ತದೆ, ಹಗ್ಗ ಸುತ್ತಿದ ರಟ್ಟಿನ ಪೆಟ್ಟಿಗೆ ಇಳಿಯುತ್ತದೆ. ಪರಿಚಯದ ಗ್ಯಾರೇಜೊಂದರಿಂದ ದೊಡ್ಡ ಪಾನಾಗಳೂ ಗಟ್ಟಿ ಸ್ಟ್ಯಾಂಡೂ ಬರುತ್ತವೆ. ಹಳೆಯ ತೋಳು ಕಳಚಿ ಕೈಗೆ ಸಿಕ್ಕಾಗ ಮೇಸ್ತ್ರಿ ಗುಂಡನ್ನು ಹೆಬ್ಬೆರಳಿನಿಂದ ತಳ್ಳಿ ತೋರಿಸುತ್ತಾರೆ. ತಡೆಯೇ ಇಲ್ಲದೆ ಅದು ಅತ್ತಿತ್ತ ಹೊರಳುತ್ತದೆ. ಹೊಸದರಲ್ಲಿ ಎರಡೂ ಕೈ ಹಾಕಿ ತಿರುಗಿಸಿದರೂ ಬಿಗಿ. ಹೊಸ ತೋಳು ಕೂತ ಮೇಲೆ ಬುಷ್‌ನ ಬೋಲ್ಟನ್ನು ಅವರು ಆಗಲೇ ಬಿಗಿಯುವುದಿಲ್ಲ. ಚಕ್ರ ನೆಲಕ್ಕೆ ಇಳಿದು ಕಾರಿನ ಭಾರ ಕೂತ ಮೇಲೇ ಕೊನೆಯ ಬಿಗಿತ. ಚಕ್ರ ತೂಗಾಡುತ್ತಿರುವಾಗಲೇ ಬಿಗಿದರೆ ಬುಷ್ಷಿನ ರಬ್ಬರು ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಬಲಗಡೆಯ ಟೊಪ್ಪಿಯನ್ನೂ ಒರೆಸಿ ನೋಡುತ್ತಾರೆ, ಅದು ಗಟ್ಟಿಯಾಗಿದೆ.

"ನಾಳೆ ಅಲೈನ್‌ಮೆಂಟ್ ಮಾಡ್ಸಿ. ಮಾಡ್ಸದೆ ಘಾಟಿ ಇಳೀಬೇಡಿ."

ವಾಪಸು ಜಯಪುರದ ಮೇಲಿನ ರಸ್ತೆ, ಮೇಸ್ತ್ರಿಯದೇ ಆಯ್ಕೆ. ಅಲ್ಲಿ ಏರು, ತಿರುವು, ಹಂಪು, ಒಡೆದ ಟಾರು ಎಲ್ಲ ಒಟ್ಟಿಗೆ ಸಿಗುತ್ತದೆ. ಅಕ್ಕ ರೇಡಿಯೋದ ಕಡೆ ಕೈ ಚಾಚುವುದಿಲ್ಲ. ಟೈರು ಟಾರನ್ನು ಉಜ್ಜುವ ಸದ್ದು, ಗಾಜಿನ ಅಂಚಿನಲ್ಲಿ ಗಾಳಿ, ಇಂಜಿನ್ನಿನ ಸಮನಾದ ಮೊರೆತ. ಎಲ್ಲೋ ಹಿಂದೆ, ದೊಡ್ಡ ಗುಂಡಿಯಲ್ಲಿ ಮಾತ್ರ, ಪಾರ್ಸೆಲ್ ಟ್ರೇ ಒಮ್ಮೆ ಟಪ್ ಎನ್ನುತ್ತದೆ. ನೀವು ಅದಕ್ಕೂ ಫೆಲ್ಟ್ ಅಂಟಿಸೋಣವೇ ಎಂದು ಕೇಳುತ್ತೀರಿ.

"ಅದು ಇರ್ಲಿ," ಮೇಸ್ತ್ರಿ ಹೇಳುತ್ತಾರೆ. "ಅದರ ಗುರುತು ನಮಗೆ ಸಿಕ್ಕಿದೆ. ಗುರುತು ಸಿಕ್ಕದ ಸದ್ದು ಬಂದ ದಿನ ಮಾತ್ರ ಬನ್ನಿ, ಆದ್ರೆ ಅವತ್ತೇ ಬನ್ನಿ."

ಈ ಮಾತು ನಮ್ಮ ಊರುಗಳ ಪ್ರತಿಯೊಂದು ಕಾರಿಗೂ ಸಲ್ಲುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ ಕಾರು ಶೋಕಿಯ ವಸ್ತುವಲ್ಲ. ದೊಡ್ಡ ಕಾಯಿಲೆಗೆ ಮಣಿಪಾಲವೋ ಶಿವಮೊಗ್ಗವೋ ಎಂದು ಮಧ್ಯರಾತ್ರಿ ಹೊರಡಬೇಕಾದಾಗ ಮನೆಯವರ ಜೀವ ಕೂರುವುದು ಅದರೊಳಗೆ. ಹಾಗಾಗಿ ಮಳೆಗಾಲ ಕಳೆದ ಮೇಲೆ, ಚಳಿ ಬಿದ್ದ ಒಂದು ಬೆಳಗ್ಗೆ, ನಿಮ್ಮ ಕಾರನ್ನೂ ಪೂರ್ತಿ ಖಾಲಿ ಮಾಡಿ. ರೇಡಿಯೋ ಬಂದ್ ಮಾಡಿ, ಕಿವಿ ಚುರುಕಾಗಿರುವ ಒಬ್ಬರನ್ನು ಹಿಂದೆ ಕೂರಿಸಿಕೊಂಡು, ನಿಮಗೆ ಚೆನ್ನಾಗಿ ಗೊತ್ತಿರುವ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಕಿರಿಕಿರಿ ಮಾಡುವ ಸಣ್ಣ ಸದ್ದುಗಳನ್ನು ಒಂದೊಂದಾಗಿ ನಿಲ್ಲಿಸಿ. ಕಿವಿಗೆ ಸಿಗುವ ಸುಖ ದೊಡ್ಡದೇ. ಅದಕ್ಕಿಂತ ದೊಡ್ಡದು, ಅವೆಲ್ಲ ನಿಂತ ಮೇಲೆ ಕಾರು ನಿಮಗೆ ಹೇಳಲೇಬೇಕಾದದ್ದು ಕೇಳಿಸುತ್ತದೆ. ಕೇಳಿಸಿದ ದಿನವೇ ಜಾಕು ಎತ್ತಿಸಿ ನೋಡಿ.